ಪುಟ್ಟಿಯ ಕೆನ್ನೆ

ಮದುವೆಗೆ ಇನ್ನೂ ಮೂರು ತಿಂಗಳಿದೆ ಅನ್ನುವಾಗ ಪುಟ್ಟಿಯ ಗಲ್ಲದ ಮೇಲೆ ಮೊದಲ ಮೊಡವೆ ಎದ್ದಿತು. ಅದನ್ನು ಮೊದಲು ಕಂಡವಳು ಅಕ್ಕ. ಅವಳ ಕೆಲಸ ಕನ್ನಡಕದಂಗಡಿಯಲ್ಲಿ. ದಿನವಿಡೀ ಗಿರಾಕಿಗಳ ಮುಖದಿಂದ ಗೇಣು ದೂರದಲ್ಲಿ ನಿಂತು ಫ್ರೇಮು ಕೂರಿಸಬೇಕು, ಕಿವಿಯ ಹಿಂದಿನ ಕಡ್ಡಿ ಬಗ್ಗಿಸಬೇಕು, ಮೂಗಿನ ಮೇಲೆ ಒತ್ತುತ್ತಿದೆಯಾ ಎಂದು ಕೇಳಬೇಕು. ಹಾಗಾಗಿ ಮನೆಯಲ್ಲೂ ಯಾರ ಮುಖದಲ್ಲಿ ಏನು ಹೊಸದು ಕಂಡರೂ ಅವಳ ಕಣ್ಣು ತಪ್ಪಿಸುವ ಹಾಗಿರಲಿಲ್ಲ.

"ಗಲ್ಲದಲ್ಲಿ ಏನೋ ಎದ್ದಿದೆಯಲ್ಲೇ," ಅಂದಳು ಬೆಳಗಿನ ತಿಂಡಿಗೆ ಕೂತಾಗ.

"ಒಂದೇ ತಾನೆ, ಇರಲಿ ಬಿಡು. ಬಾಡಿಗೆ ಏನೂ ಕೇಳಲ್ಲ," ಅಂದರು ಅಪ್ಪ, ಪೇಪರಿನ ಹಿಂದಿನಿಂದ.

ಪುಟ್ಟಿ ನಕ್ಕಳು. ಅವಳಿಗೆ ಇಪ್ಪತ್ತೆಂಟು ವರ್ಷ, ಆದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಬಲಗಡೆ ಕೂತವರ ಕಾಲು ನಡುಗಿದರೆ ಇವಳು ಗದರಿಸುವ ರೀತಿಗೆ ಗಂಡಸರೂ ಬೆವರುತ್ತಿದ್ದರು. ಮದುವೆಯಾಗಲಿದ್ದ ಹುಡುಗನೂ ಹಾಗೆ ಬೆವರಿದವನೇ. ಬೇಕರಿಯವನು, ಅಕ್ಕನ ಬಾಯಲ್ಲೂ ಅಪ್ಪನ ಬಾಯಲ್ಲೂ ಅವನಿಗೆ ಅದೇ ಹೆಸರು. ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಮತ್ತೆ ಮತ್ತೆ ಕ್ಲಾಸಿಗೆ ಬಂದ. "ಬೇಕಂತಲೇ ಫೇಲಾಗ್ತಿದ್ದೀರಾ?" ಎಂದು ಪುಟ್ಟಿ ಒಂದು ದಿನ ತಲೆಕೆಟ್ಟು ಕೇಳಿದ್ದಕ್ಕೆ, "ಮೊದಲನೇ ಸಲ ಇಲ್ಲ," ಅಂದನಂತೆ.

ಮದುವೆಯಾದ ಮೇಲೆ ಇಬ್ಬರೂ ಬೇರೆ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಅವನ ಸೋದರಮಾವನ ಬೇಕರಿಯನ್ನು ಇವರೇ ನೋಡಿಕೊಳ್ಳಬೇಕು. ರೈಲಿನಲ್ಲಿ ಒಂದು ರಾತ್ರಿ, ಮರುದಿನ ಅರ್ಧ ಹಗಲಿನ ದಾರಿ.

ಅಮ್ಮ ತೀರಿಕೊಂಡಾಗ ಪುಟ್ಟಿ ಇನ್ನೂ ಶಾಲೆಗೆ ಸೇರಿರಲಿಲ್ಲ, ಅಕ್ಕ ಹೈಸ್ಕೂಲು ಮುಗಿಸಿದ್ದಳು. ಅಂದಿನಿಂದ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಇಟ್ಟದ್ದು ಎಲ್ಲ ಅಕ್ಕನೇ. ಅವಳಿಗೂ ಒಂದೆರಡು ಸಂಬಂಧ ಬಂದಿದ್ದವು. "ಇವಳೊಂದು ದೊಡ್ಡವಳಾಗಲಿ," ಅಂದಳು. ಇವಳು ದೊಡ್ಡವಳಾಗುವಷ್ಟರಲ್ಲಿ ಕೇಳಿಕೊಂಡು ಬರುವವರೇ ನಿಂತುಹೋದರು. ಅದನ್ನು ಅಕ್ಕ ಯಾರ ಮುಂದೂ ಹೇಳಿಕೊಂಡು ಅತ್ತವಳಲ್ಲ. ಅವಳಿಗೆ ಒಳಗೊಳಗೇ ಕೊರೆಯುತ್ತಿದ್ದ ಸಂಗತಿಯೇ ಬೇರೆ. ಪುಟ್ಟಿಗೆ ಕೆಲಸ ಸಿಕ್ಕಮೇಲೆ, ಗೆಳತಿಯರಾದ ಮೇಲೆ, ಕೈಗೆ ಫೋನು ಬಂದಮೇಲೆ, ಮನೆಗೆ ಬಂದರೂ ಬಂದ ಹಾಗೆ ಅನ್ನಿಸುತ್ತಿರಲಿಲ್ಲ. ಊಟ ಮಾಡಿ, ತಟ್ಟೆ ತೊಳೆದಿಟ್ಟು, "ಸುಸ್ತು ಅಕ್ಕ," ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾಗಿಲಿನ ಆಚೆ ನಗು ಕೇಳಿಸುತ್ತಿತ್ತು. ಯಾರ ಜೊತೆ, ಏನು ಮಾತು ಎಂದು ಕೇಳುವ ಹಕ್ಕು ತನಗಿದೆಯೋ ಇಲ್ಲವೋ ಎಂದು ಅಕ್ಕ ಯೋಚಿಸುತ್ತಾ ಒಲೆ ಒರೆಸುತ್ತಿದ್ದಳು.

ಗಲ್ಲದ ಮೊಡವೆ ಒಂಟಿಯಾಗಿ ಉಳಿಯಲಿಲ್ಲ. ಎರಡು ವಾರದಲ್ಲಿ ಎರಡೂ ಕೆನ್ನೆಗೆ, ಆಮೇಲೆ ಹಣೆಗೆ ಹಬ್ಬಿತು. ಕಾರಿನಲ್ಲಿ ಕಣ್ಣೆದುರೇ ಕನ್ನಡಿ. ಹಿಂದಿನ ಗಾಡಿ ನೋಡಬೇಕಾದವಳು ತನ್ನ ಮುಖ ನೋಡಿಕೊಳ್ಳತೊಡಗಿದಳು. ಅಷ್ಟರಲ್ಲಿ ಚಿಕ್ಕಮ್ಮ ಬಂದಳು. ಅವಳು ಬಂದರೆ ಬರಿಗೈಯಲ್ಲಿ ಬಂದಳು ಎಂದಿಲ್ಲ.

"ಇದನ್ನ ಹಚ್ಚು. ನಮ್ಮ ಪಕ್ಕದ ಮನೆಯವಳ ಮಗಳಿಗೆ ನಾಲ್ಕೇ ದಿನದಲ್ಲಿ ಮುಖ ಬೆಣ್ಣೆಯಾಯ್ತು," ಎಂದು ಸಣ್ಣ ಡಬ್ಬಿಯೊಂದನ್ನು ಕೈಗಿಟ್ಟಳು. ಡಬ್ಬಿಯ ಮೇಲೆ ಹೂವಿನ ಚಿತ್ರ ಬಿಟ್ಟರೆ ಒಳಗೆ ಏನಿದೆ ಅಂತ ಒಂದಕ್ಷರ ಇರಲಿಲ್ಲ.

ಚಿಕ್ಕಮ್ಮನ ಮಾತು ಸುಳ್ಳಾಗಲಿಲ್ಲ. ಮುಖ ತಿಳಿಯಾಯಿತು, ಹೊಳೆಯಿತು. ಪುಟ್ಟಿ ಒಂದು ತಿಂಗಳು ಹಾಡಿಕೊಂಡು ಓಡಾಡಿದಳು. ಡಬ್ಬಿ ಖಾಲಿಯಾಯಿತು. ಇನ್ನೊಂದು ತರೋಣವೆಂದರೆ ಅದನ್ನು ಮಾರುತ್ತಿದ್ದವಳು ಅಂಗಡಿಯನ್ನೇ ಮುಚ್ಚಿಕೊಂಡು ಹೋಗಿದ್ದಳು. ಅದಾಗಿ ವಾರ ಕಳೆಯುವುದರೊಳಗೆ ಪುಟ್ಟಿಯ ಮುಖ ಕೆಂಡದ ಹಾಗಾಯಿತು. ಮೊದಲಿದ್ದುದಕ್ಕಿಂತ ಹೆಚ್ಚು, ಮೊದಲಿದ್ದುದಕ್ಕಿಂತ ದೊಡ್ಡವು. ಕೆಲವು ಕೀವು ತುಂಬಿ ಬಿಗಿದುಕೊಂಡಿದ್ದವು. ದಿಂಬಿಗೆ ಕೆನ್ನೆ ತಾಗಿಸಲೂ ಆಗುತ್ತಿರಲಿಲ್ಲ.

ಅಕ್ಕ ಅಂಗಡಿಗೆ ರಜೆ ಹಾಕಿ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನಡುವಯಸ್ಸಿನ ಹೆಂಗಸು. ಖಾಲಿ ಡಬ್ಬಿಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು.

"ಇದರಲ್ಲಿ ಸ್ಟೀರಾಯ್ಡ್ ಬೆರೆಸಿರೋ ಹಾಗಿದೆ. ಹಚ್ಚುವಾಗ ಚೆನ್ನಾಗಿ ಕಾಣುತ್ತೆ, ಬಿಟ್ಟ ತಕ್ಷಣ ಹೀಗೆ ತಿರುಗಿ ಬೀಳುತ್ತೆ. ಮದುವೆ ಯಾವಾಗ?"

"ಇನ್ನು ಒಂದೂವರೆ ತಿಂಗಳು," ಅಂದಳು ಅಕ್ಕ.

"ಅಷ್ಟರಲ್ಲಿ ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಕಮ್ಮಿಯಂತೂ ಆಗುತ್ತೆ. ಸಂಜೆ ಮುಖ ತೊಳೆದು ಒಣಗಿದ ಮೇಲೆ ಈ ಮುಲಾಮು, ತೆಳ್ಳಗೆ. ಬಿಸಿಲಿಗೆ ಹೋಗೋವಾಗ ಇದು. ಬೇರೆ ಯಾರು ಏನೇ ಕೊಟ್ಟರೂ ಬೇಡ. ಮುಖ್ಯವಾಗಿ, ಚಿವುಟಬಾರದು."

"ಇವಳ ಕೈಗೆ ಕೊಟ್ಟರೆ ಚಿವುಟದೇ ಬಿಡೋಳಲ್ಲ," ಅಂದಳು ಅಕ್ಕ.

"ಹಾಗಾದರೆ ನೀವೇ ಹಚ್ಚಿ," ಅಂದರು ಡಾಕ್ಟರು, ಮುಂದಿನವರನ್ನು ಕರೆಯುತ್ತಾ.

ಹೀಗೆ ಆ ಸಂಜೆಗಳು ಶುರುವಾದವು. ಅಕ್ಕ ಅಂಗಡಿಯಿಂದ ಬಂದು ಕೈ ತೊಳೆದುಕೊಳ್ಳುವಷ್ಟರಲ್ಲಿ ಪುಟ್ಟಿ ಮುಖ ತೊಳೆದು, ಕೂದಲು ಮೇಲೆ ಕಟ್ಟಿ, ಕಿಟಕಿಯ ಹತ್ತಿರದ ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅಕ್ಕ ಬೆರಳ ತುದಿಯಲ್ಲಿ ಮುಲಾಮು ತೆಗೆದು ಹಣೆಯಿಂದ ಶುರುಮಾಡುತ್ತಿದ್ದಳು. ಪುಟ್ಟಿ ಹೊರಗೆ ಹೋಗುವುದನ್ನು ಬಿಟ್ಟಿದ್ದಳು. ಡ್ರೈವಿಂಗ್ ಸ್ಕೂಲಿಗೆ ರಜೆ ಹಾಕಿದಳು, ಗೆಳತಿಯರಿಗೆ ಜ್ವರವೆಂದು ಸುಳ್ಳು ಹೇಳಿದಳು. ಮಾತಾಡಲು ಉಳಿದವಳು ಅಕ್ಕ ಒಬ್ಬಳೇ. ಕಣ್ಣು ಮುಚ್ಚಿದವಳ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

"ಅಕ್ಕ, ನಾನು ಚಿಕ್ಕವಳಿದ್ದಾಗ ನೀನು ನನ್ನ ಕಿವಿ ತೊಳೆಯೋವಾಗ ಏನೋ ಕತೆ ಹೇಳ್ತಿದ್ದೆ."

"ಕಿವಿಯೊಳಗೆ ಇರುವೆಗಳ ಮದುವೆ ನಡೀತಿದೆ, ಅಲ್ಲಾಡಿದರೆ ಊಟದ ಎಲೆ ಬೀಳುತ್ತೆ ಅಂತ."

"ನಾನು ನಂಬಿದ್ದೆ!"

"ನಂಬಿದ್ದಕ್ಕೇ ಕಿವಿ ಸ್ವಚ್ಛವಾಗ್ತಿದ್ದದ್ದು."

ಪುಟ್ಟಿ ನಗಲು ಹೋಗಿ, ಕೆನ್ನೆ ಎಳೆದು, "ಅಯ್ಯಪ್ಪಾ, ನಗಿಸಬೇಡ," ಎಂದು ಅಕ್ಕನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಆ ಹಿಡಿತಕ್ಕಾಗಿ ಅಕ್ಕ ಬೆಳಗಿನಿಂದ ಕಾಯುತ್ತಿದ್ದಳು. ಗಿರಾಕಿಯ ಕಿವಿಗೆ ಕಡ್ಡಿ ಸಿಕ್ಕಿಸುವಾಗಲೂ ಸಂಜೆಯದೇ ಧ್ಯಾನ. ಡಾಕ್ಟರು ತೆಳ್ಳಗೆ ಅಂದಿದ್ದರು, ಬೇಗ ಅಂದಿರಲಿಲ್ಲ. ಅಕ್ಕ ನಿಧಾನವಾಗಿ ಹಚ್ಚುತ್ತಿದ್ದಳು. ಹಣೆಯ ಮೇಲಿನವು ಒಣಗಿ ಉದುರಿದ ದಿನ ಪುಟ್ಟಿ ಕನ್ನಡಿ ಹಿಡಿದು ಕುಣಿದಾಡಿದಳು. ಅಕ್ಕನೂ ನಕ್ಕಳು. ಆದರೆ ಅಡುಗೆಮನೆಗೆ ಹೋದಾಗ ಅವಳಿಗೆ ಗೊತ್ತಾಯಿತು, ತನಗೆ ಖುಷಿಯಾಗಿರಲಿಲ್ಲ. ಹಣೆ ಮುಗಿಯಿತು, ಇನ್ನು ಕೆನ್ನೆ, ಆಮೇಲೆ ಗಲ್ಲ, ಆಮೇಲೆ ರೈಲು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಥೂ, ಇದೆಂಥ ಬುದ್ಧಿ ನನಗೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಲೆಕ್ಕ ನಿಲ್ಲಲಿಲ್ಲ.

ಮುಖ ಕೆಂಪಾದ ಮೊದಲ ವಾರದಲ್ಲೇ ಬೇಕರಿಯವನು ಒಂದು ಸಲ ಮನೆಗೆ ಬಂದಿದ್ದ. ಪುಟ್ಟಿ ಕೋಣೆಗೆ ಓಡಿ, "ನಾನಿಲ್ಲ ಅಂತ ಹೇಳು ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ," ಅಂದಿದ್ದಳು. ಅಕ್ಕ ಹಾಗೇ ಹೇಳಿ ಕಳಿಸಿದ್ದಳು. ಆಮೇಲೆ ಪುಟ್ಟಿಯೇ ಅವನಿಗೆ ಮೆಸೇಜು ಹಾಕಿದಳು: ಸ್ವಲ್ಪ ದಿನ ಬರಬೇಡ, ಫೋನೂ ಮಾಡಬೇಡ, ಯಾಕೆ ಅಂತ ಕೇಳಬೇಡ. ಅವನು "ಸರಿ" ಎಂದು ಉತ್ತರಿಸಿ ಸುಮ್ಮನಾದ.

ಆದರೆ ಹತ್ತು ಹನ್ನೆರಡು ದಿನವಾದ ಮೇಲೆ ಅವನಿಗೆ ತಡೆಯಲಾಗಲಿಲ್ಲವೋ ಏನೋ, ಒಂದು ಸಂಜೆ ಬಂದು ಬಾಗಿಲು ತಟ್ಟಿದ. ಪುಟ್ಟಿ ಸ್ನಾನಕ್ಕೆ ಹೋಗಿದ್ದಳು. ಅಪ್ಪ ಹೊರಗೆ ಹೋಗಿದ್ದರು. ಅಕ್ಕ ಬಾಗಿಲು ಅರ್ಧ ತೆರೆದು, ಇನ್ನರ್ಧವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಎರಡು ನಿಮಿಷ ಮಾತಾಡಿ ಹೋಗ್ತೀನಿ ಅಕ್ಕಾ. ನಾನೇನಾದರೂ ತಪ್ಪು ಮಾಡಿದ್ನಾ ಅಂತ ಕೇಳಬೇಕಿತ್ತು, ಅಷ್ಟೇ."

ಒಳಗೆ ಮಂಚದ ಹತ್ತಿರ ಮುಲಾಮಿನ ಟ್ಯೂಬು, ಒಗೆದ ಟವೆಲು ಎಲ್ಲ ಸಿದ್ಧವಾಗಿತ್ತು. ಇವನು ಒಳಗೆ ಬಂದರೆ ಇವತ್ತಿನ ಸಂಜೆ ಹೋಯಿತು.

"ಅವಳಿಗೆ ಯಾರನ್ನೂ ನೋಡೋ ಮನಸ್ಸಿಲ್ಲಪ್ಪ," ಅಂದಳು ಅಕ್ಕ. "ನಾನೇ ಹೇಳ್ತೀನಿ, ನೀನು ಬಂದಿದ್ದೆ ಅಂತ."

ಅವನು ತಲೆಯಾಡಿಸಿ ಮೆಟ್ಟಿಲಿಳಿದು ಹೋದ. ಅಕ್ಕ ಹೇಳಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಮುಲಾಮು ಹಚ್ಚುವಾಗ ಹೇಳೋಣವೆಂದುಕೊಂಡಳು. ಮುಲಾಮು ಹಚ್ಚುವಾಗ ಪುಟ್ಟಿ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಅಕ್ಕ, ಬರಬೇಡ ಅಂದ್ರೆ ಬರದೇ ಇದ್ದುಬಿಡೋದಾ? ಬೇಡ ಅಂದಮೇಲೂ ಒಂದು ಸಲ ಬರಬಹುದಿತ್ತು ಅಲ್ವಾ?"

ಅಕ್ಕನ ಬೆರಳು ನಿಂತಿತು. "ಕೆಲಸ ಇರುತ್ತೆ," ಅಂದಳು.

"ಮೊದಲನೇ ಸಲ ಬಂದಾಗ ಕಿಟಕಿಯಿಂದ ನನ್ನ ಮುಖ ಕಂಡಿತೇನೋ. ಅದಕ್ಕೇ ಇರಬೇಕು." ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಹಚ್ಚಿದ ಮುಲಾಮಿನ ಮೇಲೆ ಹರಿಯಿತು. ಅಕ್ಕ ಟವೆಲಿನ ಅಂಚಿನಿಂದ ಒತ್ತಿ ತೆಗೆದಳು, ಮತ್ತೆ ಹಚ್ಚಿದಳು. ಹೇಳಬೇಕಾದ ಮಾತನ್ನು ಆಗಲೂ ಹೇಳಲಿಲ್ಲ. ಹೊತ್ತು ಮೀರಿದಷ್ಟೂ ಅದು ದೊಡ್ಡದಾಗುತ್ತಾ ಹೋಯಿತು.

ಒಂದು ಬೆಳಿಗ್ಗೆ ಅಕ್ಕ ಹಾಲು ತರಲು ಬಾಗಿಲು ತೆರೆದರೆ ಚಿಲಕದಲ್ಲಿ ಕಾಗದದ ಚೀಲವೊಂದು ನೇತಾಡುತ್ತಿತ್ತು. ಒಳಗೆ ಬ್ರೆಡ್ಡು, ಇನ್ನೂ ಬಿಸಿ. ಚೀಟಿ ಏನೂ ಇರಲಿಲ್ಲ. ಅಕ್ಕ ಅದನ್ನು ಕತ್ತರಿಸಿ ತಟ್ಟೆಯಲ್ಲಿಟ್ಟು, "ಮೂಲೆ ಅಂಗಡಿಯಿಂದ ತಂದೆ," ಅಂದಳು. ಪುಟ್ಟಿ ಒಂದು ತುಂಡು ಎತ್ತಿಕೊಂಡಳು. ತಿನ್ನಲಿಲ್ಲ. ಮೇಲಿನ ಕಂದು ಹೊರಪದರದಲ್ಲಿ ಚಾಕುವಿನಿಂದ ಎಳೆದ ಗೀರಿನ ಮೇಲೆ ಬೆರಳಾಡಿಸಿದಳು.

"ಈ ಗೀರು ಅವನದು. ಮೂಲೆ ಅಂಗಡಿಯವನು ಹೀಗೆ ಓರೆಯಾಗಿ ಗೀರಲ್ಲ," ಅಂದಳು. "ಅವನು ಬಂದಿದ್ನಾ ಅಕ್ಕ?"

ಅಪ್ಪ ಪೇಪರು ಇಳಿಸಿದರು.

"ಇವತ್ತು ನಾನು ನೋಡಲಿಲ್ಲ. ಬಾಗಿಲಿಗೆ ನೇತುಹಾಕಿ ಹೋಗಿದ್ದ."

"ಇವತ್ತು ಅಂದ್ರೆ? ಅದಕ್ಕಿಂತ ಮುಂಚೆ?"

ಅಕ್ಕ ಸೆರಗಿನ ತುದಿ ಹಿಡಿದುಕೊಂಡು ನಿಂತಳು. ಸುಳ್ಳು ಹೇಳಲು ಇನ್ನು ಜಾಗ ಉಳಿದಿರಲಿಲ್ಲ. "ಹೋದ ವಾರ ಬಂದಿದ್ದ. ನೀನು ಸ್ನಾನಕ್ಕೆ ಹೋಗಿದ್ದೆ. ನಾನೇ ಕಳಿಸಿಬಿಟ್ಟೆ."

"ಯಾಕೆ?"

ಅದಕ್ಕೆ ಅಕ್ಕನ ಹತ್ತಿರ ಉತ್ತರವಿತ್ತು, ಆದರೆ ಅಪ್ಪನ ಮುಂದೆ, ತಿಂಡಿಯ ಮೇಜಿನ ಮುಂದೆ ಆಡುವಂಥದ್ದಾಗಿರಲಿಲ್ಲ.

"ಒಂದು ವಾರದಿಂದ ನಾನು ಅಳ್ತಾ ಇದ್ದೆ," ಅಂದಳು ಪುಟ್ಟಿ. ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಿನ್ನ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಆಗಲೂ ನೀನು ಬಾಯಿ ಬಿಡಲಿಲ್ಲ."

ಅವಳು ಎದ್ದು ಕೋಣೆಯ ಬಾಗಿಲು ಹಾಕಿಕೊಂಡಳು. ಆ ಸಂಜೆ ಮಂಚದ ಮೇಲೆ ಯಾರೂ ಇರಲಿಲ್ಲ. ಮುಲಾಮಿನ ಟ್ಯೂಬೂ ಇರಲಿಲ್ಲ. ಪುಟ್ಟಿ ಒಳಗೆ ತೆಗೆದುಕೊಂಡು ಹೋಗಿದ್ದಳು. ಊಟಕ್ಕೆ ಕರೆದರೆ, "ಹಸಿವಿಲ್ಲ," ಎಂಬ ಒಂದೇ ಮಾತು.

ಅಪ್ಪ ಕೈ ತೊಳೆಯುತ್ತಾ ಮೆಲ್ಲಗೆ ಹೇಳಿದರು, "ನೀನು ಯಾಕೆ ಹಾಗೆ ಮಾಡಿದೆ ಅಂತ ನಾನು ಕೇಳಲ್ಲಮ್ಮ. ನನಗೂ ಅವಳನ್ನ ಕಳಿಸೋ ಮನಸ್ಸಿಲ್ಲ. ಆದರೆ ಆ ಹುಡುಗನಿಗೆ ಯಾರಾದರೂ ಹೇಳಬೇಕಲ್ಲ."

ಮರುದಿನ ಅಕ್ಕ ಅಂಗಡಿಗೆ ಹೋಗುವ ಮೊದಲು ಬೇಕರಿಗೆ ಹೋದಳು. ಮುಂದಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಪಕ್ಕದ ಸಂದಿಯಲ್ಲಿ ಹಿಂಬಾಗಿಲು. ಒಳಗಿನಿಂದ ಶಾಖ ಬೀಸುತ್ತಿತ್ತು. ಅವನು ಮೊಳಕೈತನಕ ಹಿಟ್ಟು ಮಾಡಿಕೊಂಡು ಕಣಕ ನಾದುತ್ತಿದ್ದ. ಅಕ್ಕನನ್ನು ಕಂಡು ಗಾಬರಿಯಾಗಿ, "ಏನಾಯ್ತು? ಅವಳಿಗೆ ಏನಾದರೂ…" ಅಂದ.

"ಏನೂ ಆಗಿಲ್ಲ. ಮುಖದ ತುಂಬ ಮೊಡವೆ ಎದ್ದಿದೆ. ನಿನಗೆ ತೋರಿಸೋಕೆ ನಾಚಿಕೆ ಅಂತ ಒಳಗೆ ಕೂತಿದಾಳೆ, ಅಷ್ಟೇ." ಅಕ್ಕ ಒಂದೇ ಉಸಿರಿಗೆ ಹೇಳಿದಳು. "ಮೊದಲನೇ ಸಲ ಇಲ್ಲ ಅಂತ ಅವಳೇ ಹೇಳಿಸಿದ್ದು. ಎರಡನೇ ಸಲ ಅವಳಿಗೆ ಗೊತ್ತೇ ಇಲ್ಲ. ನಾನೇ ಕಳಿಸಿದ್ದು. ನೀನು ಬಂದಿದ್ದೆ ಅಂತಲೂ ಹೇಳಲಿಲ್ಲ."

ಅವನು ಕೈಗೆ ಮೆತ್ತಿದ ಕಣಕ ಬಿಡಿಸಿಕೊಂಡ. "ಒಳಗೆ ಬಚ್ಚಲಲ್ಲಿ ನೀರು ಬೀಳ್ತಿತ್ತು, ಕೇಳಿಸಿತ್ತು ನನಗೆ," ಅಂದ. "ಆದರೆ ನೀವು ಬಾಗಿಲು ಹಿಡ್ಕೊಂಡು ನಿಂತ ರೀತಿ ನೋಡಿ ಮಾತು ಮುಂದುವರಿಸೋಕೆ ಆಗಲಿಲ್ಲ ಅಕ್ಕಾ. ನಾನು ಕೆಲಸ ಕಲಿಯೋಕೆ ಅಂತ ಮನೆ ಬಿಟ್ಟಾಗ ನಮ್ಮಮ್ಮ ಹಾಗೇ ನಿಂತಿದ್ರು. ದಾರಿ ಬಿಡ್ತಾನೂ ಇಲ್ಲ, ಹೋಗಬೇಡ ಅಂತ ಹೇಳ್ತಾನೂ ಇಲ್ಲ."

ಅಕ್ಕನಿಗೆ ಕಣ್ಣು ತುಂಬಿ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಸಂಜೆ ಬಾ," ಅಂದಳು. "ನಾನು ಬಾಗಿಲು ಪೂರ್ತಿ ತೆಗೀತೀನಿ."

ಸಂಜೆ ಅವನು ಬಂದಾಗ ಪುಟ್ಟಿ ಮುಖಕ್ಕೆ ತಾನೇ ಮುಲಾಮು ಹಚ್ಚಿಕೊಳ್ಳುತ್ತಿದ್ದಳು, ಒರಟೊರಟಾಗಿ. ಅಲ್ಲೊಂದು ಇಲ್ಲೊಂದು ಬಿಳಿ ಮೆತ್ತಿಕೊಂಡಿತ್ತು. ಅಕ್ಕ ಕೋಣೆಯ ಬಾಗಿಲ ಮುಂದೆ ನಿಂತು, "ಪುಟ್ಟಿ, ಅವನು ಬಂದಿದಾನೆ. ನಾನು ಹೋಗಿ ಕರೆದೆ. ನೀನು ಬೇಡ ಅಂದ್ರೆ ನೀನೇ ಹೇಳು, ಈ ಸಲ ನಾನು ಹೇಳಲ್ಲ," ಅಂದಳು.

ಒಳಗೆ ಚಿಲಕ ಸರಿಯಿತು. ಪುಟ್ಟಿ ಮುಖ ಒರೆಸಿಕೊಳ್ಳದೆ ಹಾಗೇ ಹೊರಗೆ ಬಂದಳು. ಕ್ಲಾಸಿನಲ್ಲಿ ಗದರಿಸುವ ದನಿಯಲ್ಲೇ, "ನೋಡು. ಇದೇ. ಚೆನ್ನಾಗಿ ನೋಡಿಕೋ," ಅಂದಳು.

ಅವನು ನೋಡಿದ. ಕಣ್ಣು ತಪ್ಪಿಸಲಿಲ್ಲ, ಚೆನ್ನಾಗಿದ್ದೀಯ ಎಂಬ ಸುಳ್ಳನ್ನೂ ಹೇಳಲಿಲ್ಲ.

"ನೋವಾಗುತ್ತಾ?" ಎಂದು ಕೇಳಿದ.

ಪುಟ್ಟಿಯ ಗದರಿಕೆ ಅಲ್ಲೇ ಕರಗಿತು. "ನಕ್ಕರೆ ಆಗುತ್ತೆ," ಅಂದಳು, ಮತ್ತು ಅಳತೊಡಗಿದಳು.

ಅಳು ನಿಂತ ಮೇಲೆ ಅವನು ಅಕ್ಕನ ಕಡೆ ತಿರುಗಿ, "ಇದನ್ನ ಹೇಗೆ ಹಚ್ಚೋದು ಅಂತ ತೋರಿಸ್ತೀರಾ ಅಕ್ಕಾ? ಅಲ್ಲಿಗೆ ಹೋದಮೇಲೆ ನಾನೇ ಹಚ್ಚಬೇಕಾಗುತ್ತಲ್ಲ," ಅಂದ.

ಅಕ್ಕ ಪುಟ್ಟಿಯನ್ನು ಮಂಚದ ಮೇಲೆ ಕೂರಿಸಿ, ಮುಖದ ಮೇಲಿದ್ದುದನ್ನೆಲ್ಲ ಒದ್ದೆ ಬಟ್ಟೆಯಿಂದ ತೆಗೆದಳು. "ಉಜ್ಜಬಾರದು. ಬೆರಳು ಇಟ್ಟು ಎತ್ತಬೇಕು. ಕಣ್ಣಿನ ಹತ್ತಿರ ಬೇಡ. ಎಡ ಕೆನ್ನೆಯಲ್ಲಿ ಇದೊಂದು ಇನ್ನೂ ಹಸಿ ಇದೆ, ಇದನ್ನ ಮುಟ್ಟಿದರೆ ಹಾರಿಬೀಳ್ತಾಳೆ." ಟ್ಯೂಬನ್ನು ಅವನ ಕೈಗೆ ಕೊಟ್ಟಳು.

ದಿನವೂ ಬ್ರೆಡ್ಡಿನ ಮೇಲೆ ಹಾಲು ಸವರಿ ರೂಢಿಯಾದ ಕೈ ಅದು. ಅಕ್ಕನಿಗಿಂತ ಹಗುರವಾಗಿ ಹಚ್ಚಿದ. ಪುಟ್ಟಿ ಕಣ್ಣು ಮುಚ್ಚಿದಳು. ಅವಳ ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿತು. ಅಕ್ಕ ಅಷ್ಟನ್ನು ನೋಡಿ ಅಡುಗೆಮನೆಗೆ ಹೋದಳು. ತೊಳೆಯಲು ಏನೂ ಇಲ್ಲದಿದ್ದರೂ ನಲ್ಲಿ ತಿರುಗಿಸಿ ನಿಂತಳು.

ಅಂದಿನಿಂದ ಅವನು ದಿನವೂ ಸಂಜೆ ಬರತೊಡಗಿದ. ಪುಟ್ಟಿ ಕೆಲಸಕ್ಕೂ ಹೋದಳು. ಅಕ್ಕನ ಜೊತೆ ಮಾತು ಬಿಡಲಿಲ್ಲ, ಆದರೆ ಮಾತು ಮೊದಲಿನ ಹಾಗೆ ಹರಿಯಲಿಲ್ಲ. ಮದುವೆಯ ಹಿಂದಿನ ದಿನ, ಪೆಟ್ಟಿಗೆ ಕಟ್ಟುವಾಗ, ಪುಟ್ಟಿಯೇ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಅವತ್ತು ಯಾಕೆ ಅಂತ ಕೇಳಿದ್ದೆ. ನೀನು ಹೇಳಲೇ ಇಲ್ಲ."

ಅಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ನೀನು ದಿನಾ ಬಂದು ಮುಖ ಕೊಟ್ಟು ಕೂರ್ತಿದ್ದೆಯಲ್ಲ. ಎಷ್ಟು ವರ್ಷ ಆಗಿತ್ತು ನೀನು ಹಾಗೆ ಕೂತು. ಇನ್ನೊಂದು ದಿನ ಸಿಗಲಿ, ಇನ್ನೊಂದು ದಿನ ಸಿಗಲಿ ಅಂತ. ಅಷ್ಟೇ ಕಣೇ. ಬೇರೆ ಏನೂ ಇಲ್ಲ."

ಪುಟ್ಟಿ ಅಕ್ಕನ ತೋಳಿಗೆ ತಲೆ ಆನಿಸಿ ಕೂತಳು. "ಕೇಳಿದ್ದರೆ ಮೊಡವೆ ಇಲ್ಲದೆಯೂ ಕೂರ್ತಿದ್ದೆ," ಅಂದಳು.

ಮದುವೆ ನೋಂದಣಿ ಕಚೇರಿಯಲ್ಲಿ ನಡೆಯಿತು. ಪುಟ್ಟಿಯ ಹಣೆ ತಿಳಿಯಾಗಿತ್ತು, ಗಲ್ಲ ಹೆಚ್ಚುಕಮ್ಮಿ ವಾಸಿಯಾಗಿತ್ತು. ಕೆನ್ನೆಗಳ ಮೇಲೆ ಮಾತ್ರ ಕೆಂಪು ಗುರುತುಗಳು, ಒಂದೆರಡು ಹೊಸವೂ ಇದ್ದವು. ಚಿಕ್ಕಮ್ಮ ಪೌಡರಿನ ಡಬ್ಬಿ ಹಿಡಿದು ಓಡಿ ಬಂದಾಗ ಅಪ್ಪ ಅಡ್ಡ ನಿಂತು, "ನಿನ್ನ ಡಬ್ಬಿಗಳ ಸಹವಾಸ ಸಾಕು ತಾಯಿ," ಎಂದು ಕೈಮುಗಿದರು. ಸಹಿ ಹಾಕುವಾಗ ಪುಟ್ಟಿ ನಕ್ಕಳು, ಪೂರ್ತಿ ಬಾಯಿಬಿಟ್ಟು. ನೋವಾಯಿತೋ ಇಲ್ಲವೋ ಅಕ್ಕನಿಗೆ ದೂರದಿಂದ ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ಅಕ್ಕ ಅಂಗಡಿಯಲ್ಲಿ ರಜೆ ಕೇಳಿಕೊಂಡು ಆ ಊರಿಗೆ ಹೋದಳು. ರೈಲಿಳಿದು ಹೊರಗೆ ಬಂದರೆ ಪುಟ್ಟಿ ಬೇಕರಿಯ ವ್ಯಾನು ತಂದು ದಾರಿಗಡ್ಡ ನಿಲ್ಲಿಸಿಕೊಂಡು, ಹಾರನ್ ಹೊಡೆಯುತ್ತಿದ್ದವರಿಗೆ ತಿರುಗಿ ಜೋರು ಮಾಡುತ್ತಿದ್ದಳು. ಅಕ್ಕನ ಚೀಲವನ್ನು ಹಿಂದಕ್ಕೆ ಎಸೆದು, "ಹತ್ತು ಹತ್ತು, ಇನ್ನೂ ಮೂರು ಕಡೆ ಬ್ರೆಡ್ಡು ಹಾಕೋದಿದೆ," ಅಂದಳು.

ದಾರಿಯುದ್ದಕ್ಕೂ ಒಂದೇ ಸಮನೆ ಮಾತು: ಒಲೆ ಕೆಟ್ಟದ್ದು, ಮಾವನ ಗೊಣಗಾಟ, ಗಂಡನಿಗೆ ಇನ್ನೂ ಲೈಸೆನ್ಸ್ ಸಿಗದೆ ವ್ಯಾನು ತಾನೇ ಓಡಿಸಬೇಕಾದದ್ದು. ಅಕ್ಕ ಹೂಂಗುಟ್ಟುತ್ತಾ ಅವಳ ಕೆನ್ನೆಯನ್ನೇ ನೋಡುತ್ತಿದ್ದಳು. ಪಕ್ಕದ ಗಾಜಿನಿಂದ ಬಿಸಿಲು ಬೀಳುತ್ತಿತ್ತು. ಕೆನ್ನೆ ತಿಳಿಯಾಗಿತ್ತು. ಕಿವಿಯ ಹತ್ತಿರ ಒಂದು ಸಣ್ಣ ಕಲೆ, ಅದೂ ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಪುಟ್ಟಿ ಗೇರು ಬದಲಿಸಿದಳು, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಳು.

"ಏನು ಅಕ್ಕ ಹಾಗೆ ನೋಡ್ತಿದೀಯ? ಹಿಟ್ಟು ಅಂಟಿದೆಯಾ?"

"ಇಲ್ಲ ಕಣೇ, ಏನೂ ಇಲ್ಲ," ಅಂದಳು ಅಕ್ಕ. "ನೀನು ಮುಂದೆ ನೋಡಿಕೊಂಡು ಓಡಿಸು."